ಬೀಗತಿಯ ಬಾಳೆ, ನನ್ನ ಗೆಣಸು

ಗೆಣಸು ಕುದಿಯುವ ವಾಸನೆ ಬಂದರೆ ಈಗಲೂ ನನ್ನ ಕಣ್ಣು ಹಿತ್ತಲ ಬಾಗಿಲಿನ ಕಡೆ ಹೋಗುತ್ತದೆ, ಯಾರಾದರೂ ನಿಂತಿದ್ದಾರೆಯೇ ಎಂದು. ಈ ಸಲದ ಶಿವರಾತ್ರಿಗೂ ಹಾಗೇ ಆಯಿತು. ಸೊಸೆ ಸುವರ್ಣಾ ಒಲೆಯ ಮೇಲೆ ಪಾತ್ರೆ ಇಟ್ಟು ಮುಚ್ಚಿದ್ದಳು. ಮಣ್ಣೂ ಸಿಹಿಯೂ ಕೂಡಿದ ಆ ಹಬೆ ಪಡಸಾಲೆಗೆ ಬಂದದ್ದೇ ತಡ, ನಾನು ವಿಭೂತಿ ಹಚ್ಚಿಕೊಳ್ಳುವುದನ್ನು ಅರ್ಧಕ್ಕೆ ಬಿಟ್ಟು ಎದ್ದು ಹೋಗಿ ಹಿತ್ತಲಿಗೆ ಇಣುಕಿ ಬಂದೆ.

"ಏನ್ ನೋಡ್ತೀರಿ ಅತ್ತಿ?" ಎಂದಳು ಸೊಸೆ.

"ಏನಿಲ್ಲ, ಬೆಕ್ಕ ಬಂದಂಗಾತು" ಎಂದೆ. ಬೆಕ್ಕು ಬಂದಿರಲಿಲ್ಲ.

ಮನೆಯ ಹಿಂದೆ ನಾಲ್ಕು ಮಾರು ಜಾಗ ಇರುವ ಓಣಿಯ ಹೆಣ್ಣುಮಕ್ಕಳು ನನ್ನನ್ನು ಕೇಳುವುದುಂಟು, ಹಣ್ಣಿನ ಗಿಡ ಹಚ್ಚಿದರೆ ಒಳ್ಳೆಯದೋ, ಗಡ್ಡೆ ಹಾಕಿದರೆ ಒಳ್ಳೆಯದೋ ಎಂದು. ಮೂರನೇ ಇಯತ್ತೆಗೆ ಸಾಲೆ ಬಿಟ್ಟವಳನ್ನು ಇದನ್ನು ಬಿಟ್ಟು ಬೇರೇನು ಕೇಳುತ್ತಾರೆ? ನಾನು ಮಣ್ಣು ಯಾವುದು, ನೀರು ಎಷ್ಟು ಎಂದು ವಿಚಾರಿಸುವುದಿಲ್ಲ. ಮನೆಯಲ್ಲಿ ಯಾರು ಯಾರು ಇದ್ದೀರಿ, ಯಾರು ಎಷ್ಟು ದಿನ ಇರುವವರು ಎಂದು ಕೇಳುತ್ತೇನೆ. ಅವರು ನಗುತ್ತಾರೆ. ನಗಲಿ. ಬೀಗತಿ ಕಸ್ತೂರಮ್ಮ ಮೊದಲ ಸಲ ನಮ್ಮ ಮನೆಗೆ ಬಂದು ಉಳಿದ ವರ್ಷ ನಾನು ಕಲಿತದ್ದು ಇದು.

ನಮ್ಮ ಮನೆ ಕಲಬುರಗಿಯಲ್ಲಿ, ಕಪನೂರಿನ ರಸ್ತೆಯ ಕಡೆ. ಮಗ ಬಸವರಾಜ ಕಪನೂರಿನ ಒಂದು ತೊಗರಿಬೇಳೆ ಮಿಲ್ಲಿನಲ್ಲಿ ಮೇಲ್ವಿಚಾರಕ. ಸೊಸೆ ಅಂಗನವಾಡಿ ಟೀಚರು. ಬೆಳಿಗ್ಗೆ ಇಬ್ಬರೂ ಹೋದರೆ ಸಂಜೆಯವರೆಗೆ ಮನೆ ನನ್ನ ಒಬ್ಬಳದು. ಬೀಗದ ಕೈ ನನ್ನ ಸೊಂಟದಲ್ಲಿ, ನೀರಿನ ಡ್ರಮ್ಮು ನನ್ನ ಕಣ್ಣಳತೆಯಲ್ಲಿ. ಯಾರಿಗೂ ಉತ್ತರ ಹೇಳಬೇಕಾಗಿರಲಿಲ್ಲ.

ಆ ಬೇಸಿಗೆ ಕೆಟ್ಟದ್ದು. ಹಿತ್ತಲ ಕರಿಮಣ್ಣು ಕೈ ಹೋಗುವಷ್ಟು ಬಿರಿದಿತ್ತು. ನಳಕ್ಕೆ ನೀರು ಬರುವುದು ವಾರಕ್ಕೊಮ್ಮೆ, ಅದೂ ಬಂದರೆ ಬಂತು. ಒಂದು ಮಧ್ಯಾಹ್ನ ನೀರು ತುಂಬುತ್ತ ನಾನು ಡ್ರಮ್ಮಿನ ಹತ್ತಿರ ತುಸು ಹೊತ್ತು ಕೂತೆ. ಬಾಜೂ ಮನೆಯವಳು ಗೋಡೆಯ ಮೇಲಿಂದ ನೋಡಿ, ಮುದುಕಿ ಬಿದ್ದಾಳ ಎಂದು ಬಾಯಿ ಬಡಿದುಕೊಂಡು ಮಗನಿಗೆ ಫೋನು ಹಚ್ಚಿದಳು. ಬಿದ್ದಿರಲಿಲ್ಲ. ಕೂತಿದ್ದೆ. ಸಕ್ಕರೆ ಕಾಯಿಲೆಯ ಗುಳಿಗೆ ನುಂಗಿ ಹೊತ್ತಿಗೆ ಸರಿಯಾಗಿ ಉಣ್ಣದಿದ್ದರೆ ಸಕ್ಕರೆ ಒಮ್ಮೆಲೇ ಇಳಿದು ಹೀಗಾಗುತ್ತದೆ ಎಂದು ಡಾಕ್ಟರು ಹೇಳಿದರು. ಅಷ್ಟು ದೂರ ಕರೆದುಕೊಂಡು ಹೋದ ಮೇಲೆ ಡಾಕ್ಟರು ಏನಾದರೂ ಹೇಳಲೇಬೇಕಲ್ಲ.

ಅದಾಗಿ ಹದಿನೈದು ದಿನಕ್ಕೆ, ಮೃಗಶಿರೆಯ, ಅಂದರೆ ನಮ್ಮ ಮಿರಗದ ಮೊದಲ ಮಳೆ ಬಿದ್ದ ಮರುದಿನ, ಸುವರ್ಣಾಳ ತಾಯಿ ಕಸ್ತೂರಮ್ಮ ಕಮಲಾಪುರದಿಂದ ಬಂದಿಳಿದರು. ಕಣ್ಣಿಗೆ ಪೊರೆ ಬಂದಿದೆ, ಆಪರೇಷನ್ ಮಾಡಿಸಿಕೊಂಡು ಎಂಟು ದಿನ ಇದ್ದು ಹೋಗುತ್ತಾರೆ ಎಂದು ಬಸವರಾಜ ನನ್ನ ಮುಖ ನೋಡದೆ ಹೇಳಿದ. ಮುಖ ನೋಡದೆ ಹೇಳಿದ ಮಾತನ್ನು ನಾನು ಅರ್ಧ ಮಾತ್ರ ನಂಬುತ್ತೇನೆ.

ಅವರ ಒಂದು ಕೈಯಲ್ಲಿ ಬಟ್ಟೆಯ ಚೀಲ. ಇನ್ನೊಂದು ಕೈಯಲ್ಲಿ ಹಸಿ ಗೋಣಿತಟ್ಟಿನಲ್ಲಿ ಸುತ್ತಿದ ಒಂದು ಬಾಳೆಯ ಮರಿ.

"ನಮ್ಮೂರ ಕೆಂಪ ಬಾಳೀದ್ರಿ ಬೀಗತಿ. ನಿಮ್ಮ ಬಚ್ಚಲ ನೀರ ಸುಮ್ನ ಹರದ ಹೋಗ್ತದಂತ ಸುವರ್ಣಾ ಹೇಳಿದ್ಲು, ಅದಕ್ಕ ತಂದೀನಿ."

"ಗೊನಿ ಬರ್ಲಾಕ ಎಷ್ಟ ದಿನ ಬೇಕ್ರಿ?"

"ಇದು ಸಾದಾ ಬಾಳಿ ಅಲ್ರೀ. ಗೊನಿ ಕಡೀಬೇಕಂದ್ರ ಒಂದೂವರಿ ವರ್ಷ ಆಗ್ತದ."

ಎಂಟು ದಿನಕ್ಕೆ ಬಂದವರು ಹದಿನೆಂಟು ತಿಂಗಳ ಗಿಡ ತಂದಿದ್ದರು. ಸಾಲೆ ಬಿಟ್ಟರೂ ಇಷ್ಟು ಲೆಕ್ಕ ನನಗೆ ಬರುತ್ತದೆ.

ಬಾಳೆಯ ಸ್ವಭಾವ ಗೊತ್ತಿಲ್ಲದವರು ಅದನ್ನು ಬಡಪಾಯಿ ಗಿಡ ಎನ್ನುತ್ತಾರೆ. ಒಂದೇ ಗೊನೆ ಕೊಟ್ಟು ಸಾಯುತ್ತದಲ್ಲ, ಪಾಪ ಎಂದು. ಸಾಯುವ ಮೊದಲು ಬುಡದಲ್ಲಿ ನಾಲ್ಕು ಮರಿ ಎಬ್ಬಿಸಿ ಸಾಯುತ್ತದೆ. ಒಂದೊಂದು ಮರಿಗೆ ಮತ್ತೆ ಹದಿನೆಂಟು ತಿಂಗಳು. ಒಮ್ಮೆ ಕಾಲೂರಿತೆಂದರೆ ಆ ಜಾಗ ಅದರದ್ದೇ. ಬೀಗತಿ ಬಚ್ಚಲ ಮೋರಿಯ ಬಾಯಿಗೆ ಗುಂಡಿ ತೋಡುವುದನ್ನು ನಾನು ಕಟ್ಟೆಯ ಮೇಲೆ ಕೂತು ನೋಡಿದೆ. ಗುಂಡಿ ಆಳವಾಗಿತ್ತು.

ಆಪರೇಷನ್ ಆಯಿತು. ಹಸಿರು ಪಟ್ಟಿ ಬಿಚ್ಚಿದರು. ಕಣ್ಣಿಗೆ ಹಾಕುವ ಔಷಧಿಯ ಬಾಟಲಿ ಮುಗಿಯಿತು. ನಾಗರಪಂಚಮಿ ಬಂತು, ಹೋಯಿತು. ಬೀಗತಿ ಹೋಗಲಿಲ್ಲ. ಮಗಳ ಮನೆಯಲ್ಲಿ ತಾಯಿ ಹೀಗೆ ತಿಂಗಳುಗಟ್ಟಲೆ ಕೂರುವುದು ನಮ್ಮ ಕಡೆ ಮಾನದ ಮಾತಲ್ಲ. ಅದು ಅವರಿಗೆ ಗೊತ್ತಿತ್ತು, ನನಗೆ ಗೊತ್ತಿತ್ತು. ಇಬ್ಬರೂ ಎದುರುಬದುರು ಕೂತು ಜೋಳ ಹಸನು ಮಾಡುತ್ತಿದ್ದೆವು, ಯಾರೂ ಬಾಯಿ ಬಿಡುತ್ತಿರಲಿಲ್ಲ.

ಕಮಲಾಪುರದಲ್ಲಿ ಮಗ ಹೊರಗೆ ಹಾಕಿರಬೇಕು ಎಂದು ಮೊದಲು ಅಂದುಕೊಂಡೆ. ಆದರೆ ಆ ಮಗ ತಿಂಗಳಿಗೆ ಎರಡು ಸಲ ತೋಟದ ಕಾಯಿಪಲ್ಯೆ ಹೊತ್ತು ತಂದು, "ಯವ್ವಾ, ಯಾವಾಗ ಬರ್ತಿ?" ಎಂದು ಕೇಳಿ ಹೋಗುತ್ತಿದ್ದ. ಹಾಗಾದರೆ ಇವರಿಗೆ ಇಲ್ಲಿ ಏನು ಬೇಕು? ನನ್ನ ಮನೆ ಬೇಕು. ಬೇರೇನೂ ಹೊಳೆಯಲಿಲ್ಲ.

ಆ ಬಾಳೆ ಕೆಂಪು ಹೌದೋ ಅಲ್ಲವೋ ಎಂಬುದೂ ನನಗೆ ಶಂಕೆಯೇ. ಒಂದು ದಿನ ಅದರ ಎಲೆಯ ದಂಟಿನ ಚೂರು ಮುರಿದು ಸೆರಗಿನಲ್ಲಿ ಕಟ್ಟಿಕೊಂಡು ಮೋಮಿನಪುರಕ್ಕೆ ಹೋದೆ. ಅಲ್ಲಿ ಬಂಡಿಯ ಮೇಲೆ ಬಾಳೆಹಣ್ಣು ಮಾರುವ ಖಾಜಾಸಾಬ್ ನನಗೆ ಹಳೆಯ ಪರಿಚಯ.

"ಅಮ್ಮಾ, ಮಂದಿ ಹಣ್ಣ ಒಯ್ಲಾಕ ಬರ್ತಾರ. ದಂಟ ತಂದೋರು ನೀವೇ ಪೈಲೇ."

"ಮಾತ ಸಾಕ, ಇದು ಕೆಂಪ ಬಾಳಿ ಹೌದೋ ಅಲ್ಲೋ ಹೇಳು."

ಅವನು ಬಿಸಿಲಿಗೆ ಹಿಡಿದು ನೋಡಿದ. "ದಂಟ ಲಾಲ್ ಅದ. ದಂಟ ಲಾಲ್ ಇದ್ರ ಹಣ್ಣೂ ಲಾಲೇ. ಯಾರ ಕೊಟ್ರು?"

"ಬೀಗತಿ."

"ಮುಫತ್?"

"ಹೂಂ, ಪುಕ್ಕಟೆ."

"ಹಂಗಿದ್ರ ಶಕ್ ಮಾಡೋದು ಬರೋಬರಿ ಅದ ಬಿಡ್ರಿ" ಎಂದು ನಕ್ಕ. ಅವನು ತಮಾಷೆಗೆ ಹೇಳಿದ. ನಾನು ಆ ಶಂಕೆಯ ಮಾತನ್ನು ಮನಸ್ಸಿನಲ್ಲಿ ಗಂಟು ಹಾಕಿಕೊಂಡು ಬಂದೆ.

ಆಮೇಲೆ ನೀರು. ಬಾಳೆಗೆ ಎಷ್ಟು ಹಾಕಿದರೂ ಸಾಲದು. ಬೀಗತಿ ಸ್ನಾನಕ್ಕೆ ಹೋದರೆ ಚರಿಗೆಯ ಸಪ್ಪಳ ಎಣಿಸುತ್ತಿದ್ದೆ. ಮೈಗೆ ಎಷ್ಟು, ಬಾಳೆಗೆ ಎಷ್ಟು? ಕೊನೆಗೆ ಡ್ರಮ್ಮಿನ ಒಳಗೆ ನೀರು ಎಲ್ಲಿಗಿದೆಯೋ ಅಲ್ಲಿ ಇದ್ದಲಿನಿಂದ ಗೆರೆ ಎಳೆದಿಟ್ಟೆ. ಎರಡು ದಿನ ಬಿಟ್ಟು ನೋಡಿದರೆ ನನ್ನ ಗೆರೆ ಮೊದಲಿಗಿಂತ ಕಪ್ಪಗೆ ಕಾಣುತ್ತಿತ್ತು.

"ಅಳಸಿಹೋಗಿತ್ರೀ ಬೀಗತಿ" ಎಂದರು ಅವರು ರೊಟ್ಟಿ ಬಡಿಯುತ್ತ. "ನಿಮಗ ತ್ರಾಸ ಆಗಬಾರದಂತ ನಾನೇ ತಿದ್ದಿಟ್ಟೀನಿ."

ಬೆಲ್ಲದ ಡಬ್ಬಿಯದು ಇನ್ನೂ ಕೆಟ್ಟ ಕತೆ. ನಾನು ಬೆಲ್ಲ ತಿನ್ನುವಂತಿಲ್ಲ, ಮಗ ಸೊಸೆ ಚಹಾಕ್ಕೆ ಸಕ್ಕರೆ ಹಾಕುತ್ತಾರೆ. ಆದರೂ ಡಬ್ಬಿಯಲ್ಲಿ ಬೆಲ್ಲ ಇಳಿಯುತ್ತಿತ್ತು. ಒಂದು ಮಧ್ಯಾಹ್ನ ಬೀಗತಿ ಮಲಗಿದ್ದಾಗ ನೋಡಿದೆ, ಅವರ ಸೆರಗಿನ ತುದಿಯಲ್ಲಿ ಗಂಟು. ಗಂಟಿಗೆ ಇರುವೆ ಹತ್ತಿತ್ತು. ಆಯಿತಲ್ಲ, ಸಾಕ್ಷಿ ಸಿಕ್ಕಿತು. ಬಾಯಿಚಪಲದವರು, ಮೇಲೆ ಕಳ್ಳತನ. ಇವರು ಯಾವಾಗ ನೋಡಿದರೂ ನಾನು ಇದ್ದಲ್ಲಿಯೇ ಇರುವುದು, ನಾನು ಮಾಳಿಗೆಗೆ ಹೋದರೆ ಹಿಂದೆಯೇ ಹಪ್ಪಳದ ನೆಪ ತೆಗೆದು ಬರುವುದು, ದಿನಕ್ಕೆ ಮೂರು ಸಲ "ಉಂಡ್ರೀ? ಗುಳಿಗಿ ತಗೊಂಡ್ರೀ?" ಎಂದು ವಿಚಾರಿಸುವುದು ಎಲ್ಲವನ್ನೂ ಆ ಗಂಟಿನ ಜೊತೆ ಕೂಡಿಸಿದೆ. ಮುದುಕಿ ಎಷ್ಟು ದಿನ ಇದ್ದಾಳು ಎಂದು ಅಳೆಯುತ್ತಿದ್ದಾರೆ ಎಂದು ತೀರ್ಮಾನಿಸಿದೆ.

ಮಹಾನವಮಿ ಕಳೆದ ಮೇಲೆ ಉಳಿದ ಜಾಗವನ್ನು ನಾನು ಹಿಡಿದೆ. ಕರಿಮಣ್ಣಿಗೆ ಬೂದಿ, ಮರಳು ಕೂಡಿಸಿ, ಹೆಂಟೆ ಒಡೆದು ಏರಿ ಮಾಡಿ ಗೆಣಸಿನ ಬಳ್ಳಿಯ ತುಂಡು ಹಚ್ಚಿದೆ. ನಾನು ಹುಟ್ಟಿದ ಊರು ಬರೀ ಜೋಳ ತೊಗರಿಯ ಒಣಭೂಮಿ. ಗೆಣಸು ಬೆಳೆದವಳಲ್ಲ, ತಿಂದವಳು. ಆದರೆ ಗೆಣಸಿನ ಗುಣ ನನಗೆ ಹಿಡಿಸಿತ್ತು. ನಾಲ್ಕು ತಿಂಗಳಿಗೆ ಬರುತ್ತದೆ, ಶಿವರಾತ್ರಿಯ ಉಪವಾಸಕ್ಕೆ ಸರಿಯಾಗಿ. ಕಿತ್ತರೆ ಜಾಗ ಖಾಲಿ. ಬಂದದ್ದು ಹೋಗುತ್ತದೆ, ಮರಿ ಬಿಟ್ಟು ಬೇರೂರುವುದಿಲ್ಲ. ಮತ್ತೆ ಬಾಳೆಯ ಹಾಗೆ ಎತ್ತರಕ್ಕೆ ನಿಂತು ಹೋಗುವವರ ಬರುವವರ ಕಣ್ಣಿಗೆ ಬೀಳುವುದಿಲ್ಲ. ಇರುವುದೆಲ್ಲ ಮಣ್ಣಿನ ಒಳಗೆ.

ಮಣ್ಣಿನ ಒಳಗೆ ಇರುವುದು ಇನ್ನೊಬ್ಬರಿಗೆ ಕಾಣುವುದಿಲ್ಲ ನಿಜ. ಬೆಳೆದವಳಿಗೂ ಕಾಣುವುದಿಲ್ಲ ಎಂಬುದು ಆಗ ತಲೆಗೆ ಬರಲಿಲ್ಲ.

ಬೀಗತಿ ಕಟ್ಟೆಯ ಮೇಲಿಂದ ನೋಡಿದರು. "ಛಲೋ ಆತ್ರೀ. ಬಳ್ಳಿ ಮಾತ್ರ ಆಗಾಗ..."

"ನನಗ ಗೊತ್ತದ" ಎಂದೆ.

ಬಳ್ಳಿ ಹಬ್ಬಿತು. ಹಬ್ಬಿದಲ್ಲೆಲ್ಲ ಗೆಣ್ಣಿಗೊಂದು ಬೇರು ಬಿಟ್ಟು ನೆಲ ಹಿಡಿಯಿತು. ನನಗೆ ಹಿಗ್ಗು. ಎಷ್ಟು ಕಡೆ ಬೇರೋ ಅಷ್ಟು ಕಡೆ ಗಡ್ಡೆ ಎಂದು ಲೆಕ್ಕ ಹಾಕಿದೆ. ಆದರೆ ಬೆಳಿಗ್ಗೆ ಎದ್ದು ನೋಡಿದರೆ ಕೆಲವು ಬಳ್ಳಿಗಳು ನೆಲ ಬಿಟ್ಟು ಎದ್ದಿರುತ್ತಿದ್ದವು, ಸಣ್ಣ ಬೇರು ಕಿತ್ತು ಮೇಲೆ ಬಂದಿರುತ್ತಿತ್ತು. ಹಸಿಮಣ್ಣಿನಲ್ಲಿ ಹೆಜ್ಜೆ. ಬಲಗಾಲು ಎಳೆದು ಇಡುವವರ ಹೆಜ್ಜೆ. ಮನೆಯಲ್ಲಿ ಬಲಗಾಲು ಎಳೆಯುವವರು ಒಬ್ಬರೇ, ಬೀಗತಿ.

ಬುಡ ಕೆದರಿ ನನ್ನ ಗೆಣಸು ಒಯ್ಯುತ್ತಿದ್ದಾರೆ. ಇನ್ನೇನು?

ನಾನು ಜಗಳ ತೆಗೆಯಲಿಲ್ಲ. ಎದ್ದ ಬಳ್ಳಿಯನ್ನು ಮತ್ತೆ ನೆಲಕ್ಕೆ ಒತ್ತಿ, ಮೇಲೆ ಮಣ್ಣು ಹಾಕಿ, ಕಲ್ಲು ಹೇರಿಟ್ಟೆ. ಮರುದಿನ ಕಲ್ಲು ಬದಿಗೆ ಸರಿದಿತ್ತು. ನಾನು ಮತ್ತೆ ಹೇರಿದೆ. ಕೊನೆಗೆ ಬಾಗಿಲಿನ ಕಡೆಯ ಏರಿಗಳನ್ನು ನಾನು ಹಗಲು ರಾತ್ರಿ ಕಾಯತೊಡಗಿದೆ, ಆಮೇಲೆ ಅಲ್ಲಿ ಯಾರೂ ಕೈ ಹಚ್ಚಲಿಲ್ಲ. ಬಾಳೆಯ ಮರೆಗೆ ಇದ್ದ ಆಚೆಯ ಏರಿ ನನ್ನ ಕಣ್ಣಿಗೆ ನಿಲುಕುತ್ತಿರಲಿಲ್ಲ. ಅಷ್ಟರಲ್ಲಿ ಬಾಳೆ ನನ್ನ ಎತ್ತರ ಬೆಳೆದಿತ್ತು. ಮರೆಗೆ ಬೇಕೆಂದೇ ನೆಟ್ಟಿದ್ದಾರೆ ಎಂದುಕೊಂಡೆ.

ಹೀಗೆ ಸಂಕ್ರಾಂತಿ ಹೋಯಿತು. ಶಿವರಾತ್ರಿಯ ಹಿಂದಿನ ದಿನ ಮಗ ಸೊಸೆ ಕೆಲಸಕ್ಕೆ ಹೋದದ್ದೇ ನಾನು ಗುದ್ದಲಿ ಹಿಡಿದು ಕೂತೆ. ಗುಳಿಗೆ ನುಂಗಿದ್ದೆ, ರೊಟ್ಟಿ ಆಮೇಲೆ ತಿಂದರಾಯಿತು ಎಂದು ಬಿಟ್ಟಿದ್ದೆ. ಬಾಗಿಲ ಕಡೆಯ ಮೊದಲ ಏರಿ ಅಗೆದೆ. ಬೆರಳಿನಷ್ಟು ದಪ್ಪದ ನಾಲ್ಕು ಬೇರು. ಎರಡನೆಯದು ಅಗೆದೆ. ಜನಿವಾರದ ಹಾಗೆ ಎಳೆ ಎಳೆ. ಮೂರನೆಯದು, ನಾಲ್ಕನೆಯದು, ಅದೇ. ನಾಲ್ಕು ತಿಂಗಳು ನೀರು ಉಣಿಸಿ ಬೆಳೆದದ್ದು ಎಲೆ. ನನಗೆ ಮೈ ಉರಿಯಿತು.

"ಬರ್ರಿ ಇಲ್ಲಿ" ಎಂದು ಕೂಗಿದೆ. "ಬಂದ ನೋಡ್ರಿ ನೀವು ಮಾಡಿದ್ದು. ಒಂದರ ಗಡ್ಡಿ ಬಿಟ್ಟೀರೇನು?"

ಬೀಗತಿ ಕಾಲೆಳೆಯುತ್ತ ಬಂದು ನೋಡಿದರು. "ಯಾರ ಒಯ್ದಾರಂತೀರಿ?"

"ಒಯ್ದೋರಿಗೇ ಗೊತ್ತು. ಬೆಲ್ಲ ಒಯ್ದೋರಿಗೆ ಗೆಣಸ ದೊಡ್ಡದೇನ್ರಿ?"

ಅವರು ನನ್ನ ಕೈಯಿಂದ ಗುದ್ದಲಿ ಇಸಿದುಕೊಂಡು ಬಾಳೆಯ ಹಿಂದಿನ ಏರಿಗೆ ಹೋದರು. ಎರಡೇ ಏಟು. ಮೊಳಕೈಯಷ್ಟು ದಪ್ಪದ ಕೆಂಪು ಗೆಣಸು, ಒಂದಲ್ಲ, ಒಂದೇ ಬುಡಕ್ಕೆ ಐದು. ಪಕ್ಕದ ಬುಡಕ್ಕೆ ನಾಲ್ಕು.

"ಬಳ್ಳಿ ಎತ್ತಿ ಎತ್ತಿ ಬಿಡಬೇಕ್ರಿ ಬೀಗತಿ" ಎಂದರು, ಮಣ್ಣು ಕೊಡವುತ್ತ. "ಹಬ್ಬಿದಲ್ಲೆಲ್ಲ ಬೇರ ಬಿಟ್ರ ಬುಡದಾಗ ಗಡ್ಡಿ ಕೂಡಂಗಿಲ್ಲ. ಹೇಳ್ಲಾಕ ಬಂದ್ರ ನೀವು ಕೇಳ್ಲಿಲ್ಲ. ನಾ ಎತ್ತೋದು, ನೀವು ಒತ್ತೋದು. ನಿಮ್ಮ ಕಣ್ಣ ತಪ್ಪಿಸಿ ಎತ್ತಿದ್ದು ಇಷ್ಟೇ ಉಳಿದದ."

ಎದುರಿಗೆ ಗೆಣಸು ಬಿದ್ದಿತ್ತು. ಅಷ್ಟಕ್ಕೆ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ.

"ಅದೆಲ್ಲ ಇರ್ಲಿ. ಎಂಟ ದಿನಕ್ಕಂತ ಬಂದ್ರಿ, ಎಂಟ ತಿಂಗಳಾತು. ಹದಿನೆಂಟ ತಿಂಗಳ ಗಿಡ ನೆಟ್ಟೀರಿ. ಹೋಗೋದು ಯಾವಾಗ?"

ಅವರ ಮುಖ ನೋಡಬೇಕೆಂದು ಎದ್ದೆ. ಮುಖ ಕಾಣಲಿಲ್ಲ. ಬಾಳೆ ಒಂದು ಕಡೆ ವಾಲಿತು, ಗೋಡೆ ಇನ್ನೊಂದು ಕಡೆ. ಕಿವಿಯಲ್ಲಿ ಮಿಲ್ಲು ತಿರುಗಿದ ಹಾಗೆ ಸಪ್ಪಳ. ಈ ಸಲವೂ ನಾನು ಬೀಳಲಿಲ್ಲ. ಕಂಕುಳಿಗೆ ಕೈ ಹಾಕಿ ಯಾರೋ ಕೂರಿಸಿದರು. ಬಾಯಿಗೆ ಏನೋ ತುರುಕಿದರು. ಸಿಹಿ.

ಕಣ್ಣು ನೆಟ್ಟಗಾದಾಗ ಬೀಗತಿಯ ಸೆರಗಿನ ಗಂಟು ಬಿಚ್ಚಿತ್ತು. ಬೆಲ್ಲದ ಇನ್ನೊಂದು ಚೂರು ಅವರ ಬೆರಳಲ್ಲಿತ್ತು.

"ಎಲ್ಲೀದ ಇದು?" ಎಂದೆ. ಕೇಳಿದ್ದೇ ಹಾಗೆ.

"ನಿಮ್ಮ ಡಬ್ಬೀದೇ. ಇನ್ನೂ ಸ್ವಲ್ಪ ನುಂಗ್ರಿ, ಆಮ್ಯಾಲ ಕಳ್ಳಿ ಅನ್ನೀರಂತ." ಆ ಚೂರನ್ನೂ ನನ್ನ ಬಾಯಿಗೆ ಒತ್ತಿದರು, ಸಿಟ್ಟಿನಲ್ಲೇ. "ಮಗಳ ಮನ್ಯಾಗ ಬಿದ್ದಿರ್ಲಾಕ ನನಗೇನ್ ಬ್ಯಾನಿ ಬಂದದ? ನನಗ ಮನಿ ಇಲ್ಲೇನು, ಮಗ ಇಲ್ಲೇನು? ಕಣ್ಣಿನ ಆಪರೇಷನ್ ಊರ ಕಡೀನೂ ಆಗ್ತಿತ್ತು. ನಿಮ್ಮ ಮಗ ಬಂದು ಕೈ ಮುಗದ. ಅವ್ವ ಒಬ್ಬಾಕಿ ಇರ್ತಾಳ, ಬಿದ್ರ ನೋಡೋರಿಲ್ಲ, ಕೆಲಸಕ್ಕ ಆಳ ಇಟ್ರ ಓಡಸ್ತಾಳ, ನೀವಾದ್ರ ಏನೂ ಅನ್ನಂಗಿಲ್ಲ ಅಂದ. ಏನೂ ಅನ್ನಂಗಿಲ್ಲ ಅಂದಿದ್ದ ನೋಡ್ರಿ, ಹುಚ್ಚ!"

ಒಳಗೆ ಹೋಗಿ ರೊಟ್ಟಿ ಹಾಲು ತಂದು ನನ್ನ ಮುಂದಿಟ್ಟರು. ನಾನು ತಿನ್ನುವವರೆಗೆ ನಿಂತಿದ್ದರು. ತಿಂದ ಮೇಲೆ ತಮ್ಮ ಚೀಲಕ್ಕೆ ಬಟ್ಟೆ ತುಂಬಿದರು. ಸುವರ್ಣಾ ಸಂಜೆ ಬಂದು ಅತ್ತರೂ ಕೇಳಲಿಲ್ಲ. ಮರುದಿನ ಶಿವರಾತ್ರಿ. ಆ ಗೆಣಸಿನಲ್ಲಿ ಒಂದನ್ನೂ ತಿನ್ನದೆ ಬೆಳಗಿನ ಬಸ್ಸಿಗೆ ಕಮಲಾಪುರಕ್ಕೆ ಹೋದರು. ನಾನು ಇರಿ ಎನ್ನಲಿಲ್ಲ. ಎಂಟು ತಿಂಗಳಿನಿಂದ ಬಯಸಿದ್ದು ಅದನ್ನೇ ಅಲ್ಲವೇ?

ಬಸವರಾಜನನ್ನು ಕೇಳಿದೆ. ಅವನು ಹೌದೆಂದ, ಈ ಸಲ ಮುಖ ನೋಡಿಯೇ.

"ನನಗ ಕಾವಲ ಇಟ್ಟಿದ್ದೇನೋ?"

"ಹೇಳಿದ್ರ ನೀ ಒಪ್ತಿದ್ದೇನವ್ವಾ?"

ಒಪ್ಪುತ್ತಿರಲಿಲ್ಲ. ಅದು ಅವನಿಗೆ ಗೊತ್ತಿತ್ತು. ಎಂಟು ತಿಂಗಳು ನಾನು ಬೀಗತಿಯನ್ನು ಕಾವಲು ಕಾದೆ ಎಂದುಕೊಂಡಿದ್ದೆ. ಕಾಯಿಸಿಕೊಂಡವಳು ನಾನು.

ಆ ಮೇಲೆ ಮನೆ ಮತ್ತೆ ನನ್ನ ಒಬ್ಬಳದಾಯಿತು. ಬಿಕೋ ಎಂದಿತು ಎಂದೆಲ್ಲ ನಾನು ಹೇಳುವುದಿಲ್ಲ. ಬೆಲ್ಲದ ಡಬ್ಬಿ ಇಳಿಯಲಿಲ್ಲ, ಬೆಲ್ಲ ನೀರೊಡೆಯಿತು. ಡ್ರಮ್ಮಿನ ಗೆರೆ ಅಳಿಸಿಹೋಯಿತು, ಯಾರೂ ತಿದ್ದಲಿಲ್ಲ. ಬೇಸಿಗೆಯಲ್ಲಿ ಬಾಳೆಯ ಎಲೆ ಅಂಚಿಗೆ ಸುಡತೊಡಗಿದಾಗ ನಾನು ಸ್ನಾನಕ್ಕೆ ಎರಡು ಚರಿಗೆ ಹೆಚ್ಚು ಸುರಿದುಕೊಂಡೆ. ಮೈಗೇ ಸುರಿದುಕೊಂಡೆ. ಹರಿದು ಅದಕ್ಕೆ ಹೋದರೆ ನಾನೇನು ಮಾಡಲಿ?

ಮುಂದಿನ ಮಳೆಗಾಲ ಮುಗಿಯುವಾಗ ಬಾಳೆ ಹೂ ಹಾಕಿತು. ಬಾಗಿದ ಗೊನೆಗೆ ಬಸವರಾಜ ಬಿದಿರಿನ ಕವೆಗೋಲು ಆಸರೆ ಕೊಟ್ಟ. ಚಳಿ ಬೀಳುವ ಹೊತ್ತಿಗೆ ಕಾಯಿ ಕುಂಕುಮ ಕಲಸಿದ ಬಣ್ಣಕ್ಕೆ ತಿರುಗಿತು. ಖಾಜಾಸಾಬ್ ಹೇಳಿದ್ದು ಸುಳ್ಳಾಗಲಿಲ್ಲ.

"ಕಡೀರಿ ಇನ್ನ" ಎಂದೆ.

"ನಮ್ಮೂರಾಗ ಮೊದಲನೇ ಗೊನಿ ನೆಟ್ಟೋರ ಕೈಲೇ ಕಡಸ್ತಾರ್ರಿ ಅತ್ತಿ" ಎಂದಳು ಸುವರ್ಣಾ, ತಲೆ ಎತ್ತದೆ. "ಬ್ಯಾರೇದವ್ರು ಕಡದ್ರ ಮುಂದಿನ ಮರಿ ಹಿಡಿಯಂಗಿಲ್ಲಂತ."

ಇಂಥ ಪದ್ಧತಿಯನ್ನು ನಾನು ಎಲ್ಲೂ ಕೇಳಿರಲಿಲ್ಲ. ಸೊಸೆ ಅದನ್ನು ನಿಂತಲ್ಲೇ ಹುಟ್ಟಿಸಿದಳು ಎಂಬ ಶಂಕೆ ನನಗೆ ಇವತ್ತಿಗೂ ಇದೆ. ಆದರೆ ಗೊನೆಯ ವಿಷಯದಲ್ಲಿ ಅಪಾಯ ತಂದುಕೊಳ್ಳುವುದೇಕೆ? ಮರುದಿನ ರೊಟ್ಟಿ ತಿಂದು, ಗುಳಿಗೆ ನುಂಗಿ, ಸೆರಗಿನ ತುದಿಗೆ ಬೆಲ್ಲದ ಚೂರು ಕಟ್ಟಿಕೊಂಡು ಹುಮನಾಬಾದಿನ ಬಸ್ಸು ಹತ್ತಿ ಕಮಲಾಪುರಕ್ಕೆ ಇಳಿದೆ. ರಸ್ತೆಯ ಬದಿಗೆ ಕೆಂಪು ಬಾಳೆಯ ಗೊನೆಗಳನ್ನು ತೂಗುಹಾಕಿ ಮಾರುತ್ತಿದ್ದರು. ನಿಂತು ನೋಡಿದೆ. ನಮ್ಮದೇ ಹೆಚ್ಚು ಕೆಂಪು.

ಕಸ್ತೂರಮ್ಮ ಅಂಗಳದಲ್ಲಿ ಕೂತು ತೊಗರಿ ಕೇರುತ್ತಿದ್ದರು. ನನ್ನನ್ನು ನೋಡಿ ಮೊರ ಕೆಳಗಿಟ್ಟರು. ಕೂಡ್ರಿ ಎನ್ನಲಿಲ್ಲ.

"ಯಾಕ ಬಂದೀರಿ?" ಎಂದರು. ಕಣ್ಣು ಸಣ್ಣ ಮಾಡಿ ನನ್ನ ಕೈ, ಚೀಲ, ಸೆರಗು ಎಲ್ಲ ನೋಡಿದರು. ಆ ನೋಟ ನನಗೆ ಚೆನ್ನಾಗಿ ಗೊತ್ತು. ನನ್ನದೇ.

"ನಿಮ್ಮ ಗೊನಿ ಬಲತದ. ನೀವೇ ಬಂದ ಕಡೀಬೇಕಂತ, ನಿಮ್ಮ ಮಗಳ ಕಾನೂನು."

"ಗೊನಿ ಅಷ್ಟೇನಾ?"

"ಅಷ್ಟೇ."

ಅವರ ಸೊಸೆ ಚಹಾ ತಂದಳು, ನನ್ನದಕ್ಕೆ ಸಕ್ಕರೆ ಇಲ್ಲ. ಯಾರು ಹೇಳಿದ್ದರೋ. ಕುಡಿದೆವು. ಬೀಗತಿ ನನ್ನ ಸೆರಗಿನ ಗಂಟನ್ನೇ ನೋಡುತ್ತಿದ್ದರು.

"ಕಟ್ಕೊಂಡೀರಲ್ಲ ಬೆಲ್ಲ. ಮತ್ತ ನಾ ಯಾಕ ಬೇಕ್ರಿ?"

"ಗಂಟ ಬಿಚ್ಚೋರ ಬೇಕಲ್ರಿ. ಬಿದ್ದಾಗ ನನ್ನ ಕೈ ಬರಂಗಿಲ್ಲ."

ಬಿದ್ದಾಗ ಎಂದು ಬಾಯಿಂದ ಬಂದುಹೋಗಿತ್ತು. ಅವರು ಕೇಳಿಸಿಕೊಂಡರು. ಆದರೆ ನಗಲಿಲ್ಲ, ಅದೊಂದು ಪುಣ್ಯ. ಎದ್ದು ಒಳಗೆ ಹೋಗಿ ಗೂಟಕ್ಕೆ ತೂಗುಹಾಕಿದ್ದ ಸಣ್ಣ ಚೀಲ ತೆಗೆದು ಕೊಡವಿದರು.

"ಎಷ್ಟ ದಿನಕ್ಕ ಸೀರಿ ಇಟ್ಕೊಳ್ಳಲ್ರಿ?"

"ಗಿಡದ ಬುಡಕ್ಕ ಮೂರು ಮರಿ ಎದ್ದಾವ" ಎಂದೆ. "ಲೆಕ್ಕ ನೀವೇ ಹಾಕ್ರಿ."

ಕಸ್ತೂರಮ್ಮ ಸಣ್ಣ ಚೀಲವನ್ನು ಮತ್ತೆ ಗೂಟಕ್ಕೆ ಸಿಕ್ಕಿಸಿ, ಅಟ್ಟದ ಮೇಲಿನ ಟ್ರಂಕು ಇಳಿಸಲು ಸೊಸೆಯನ್ನು ಕೂಗಿದರು. ಏನೇನು ತುಂಬುತ್ತಾರೋ ಎಂದು ನಾನು ಬಾಗಿಲಲ್ಲೇ ನಿಂತು ನೋಡಿದೆ.